ಪೋಕರ್: ಬಾಜಿ ತೆಗೆದರೆ ಆಟವೇ ಇಲ್ಲ

ರಮ್ಮಿಯನ್ನು ದುಡ್ಡಿಲ್ಲದೆ ಆಡಬಹುದು. ಮದುವೆ ಮನೆಯಲ್ಲಿ ರಾತ್ರಿಯಿಡೀ ಸುಮ್ನೆ ಆಡುವವರಿದ್ದಾರೆ. ಪೋಕರ್‌ನಲ್ಲಿ ಬಾಜಿ ತೆಗೆದುಬಿಟ್ಟರೆ ಆಡೋಕೆ ಏನೂ ಉಳಿಯುವುದಿಲ್ಲ. ಇದು ಬುದ್ಧಿಯ ಆಟವೋ, ಜೂಜೋ ಎಂಬ ಜಗಳ ಇಷ್ಟು ವರ್ಷ ಎಳೆದಾಡಿದ್ದು ಇದೇ ಕಾರಣಕ್ಕೆ.

ಈಗ ಜಾಸ್ತಿ ಆಡುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಾಕುತ್ತಾರೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಮತ್ತೊಂದು. ಈ ಏಳರಲ್ಲಿ ಐದನ್ನು ಆರಿಸಿ ಯಾರ ಕೈ ದೊಡ್ಡದು ಎಂದು ನೋಡುವುದು. ಜೋಡಿಗಿಂತ ಎರಡು ಜೋಡಿ ದೊಡ್ಡದು. ಅದಕ್ಕಿಂತ ಒಂದೇ ಥರದ ಮೂರು ಎಲೆ, ಆಮೇಲೆ ಸಾಲಾಗಿ ಐದು, ಒಂದೇ ಜಾತಿಯ ಐದು, ಮೂರು ಮತ್ತು ಜೋಡಿ ಸೇರಿದ ಫುಲ್ ಹೌಸ್, ಒಂದೇ ಥರದ ನಾಲ್ಕು, ಒಂದೇ ಜಾತಿಯಲ್ಲಿ ಸಾಲಾಗಿ ಐದು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಒಂದೇ ಜಾತಿಯಲ್ಲಿ ಬಂದರೆ ರಾಯಲ್ ಫ್ಲಶ್. ಸಿಗುವುದು ಕಷ್ಟವಾದಷ್ಟೂ ಕೈ ದೊಡ್ಡದು. 52 ಎಲೆಗಳಿಂದ ಐದರ 25,98,960 ಕೈಗಳು ಆಗುತ್ತವೆ. ರಾಯಲ್ ಫ್ಲಶ್ ಅದರಲ್ಲಿ ನಾಲ್ಕೇ ನಾಲ್ಕು.

ಎರಡು ಎಲೆ ಸಿಕ್ಕ ಕೂಡಲೇ ಒಂದು ಸುತ್ತು ಬಾಜಿ. ಆಮೇಲೆ ಪ್ರತಿ ಸಲ ಎಲೆ ಬಿಚ್ಚಿದಾಗಲೂ ಒಂದೊಂದು. ಎದುರಿನವರು ಕಟ್ಟಿದಷ್ಟು ಕಟ್ಟಬೇಕು, ಏರಿಸಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಉಳಿದವರೆಲ್ಲ ಎಲೆ ಇಟ್ಟರೆ ಕೊನೆಯವರು ಕೈ ತೋರಿಸದೆಯೇ ಗೆಲ್ಲುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ಬಾಜಿ ಏರಿಸಿ, ರಾಜನ ಜೋಡಿ ಹಿಡಿದವರನ್ನು ಹೆದರಿಸಿ ಕಳಿಸಬಹುದು. ಬ್ಲಫ್ ಅಂದರೆ ಇದೇ.

ಬರೀ ಧೈರ್ಯದಿಂದ ಇದು ನಡೆಯುವುದಿಲ್ಲ, ಲೆಕ್ಕವೂ ಬೇಕು. ನಿಮ್ಮ ಕೈಯಲ್ಲಿ ಎರಡು ಆಟೀನ್, ಮೇಜಿನ ಮೇಲೆ ಬಿಚ್ಚಿದ ನಾಲ್ಕರಲ್ಲಿ ಎರಡು ಆಟೀನ್ ಇವೆ ಅನ್ನಿ. ಕಾಣದ 46 ಎಲೆಗಳಲ್ಲಿ ಆಟೀನ್ ಉಳಿದಿರುವುದು 9. ಹೆಚ್ಚುಕಡಿಮೆ ಐದಕ್ಕೆ ಒಂದು ಸಲ ನಿಮ್ಮ ಎಲೆ ಬರುತ್ತದೆ. ನಡುವೆ 1,000 ರೂಪಾಯಿ ಬಿದ್ದಿದ್ದು, ಮುಂದುವರಿಯಲು 100 ಕಟ್ಟಬೇಕಾದರೆ ಕಟ್ಟಬಹುದು. 500 ಕೇಳಿದರೆ ಎಲೆ ಇಡುವುದೇ ಸರಿ. ಈ ಲೆಕ್ಕ ಗೊತ್ತಿರುವವರು ಒಂದು ರಾತ್ರಿ ಸೋಲಬಹುದು. ವರ್ಷಗಟ್ಟಲೆ ಆಡಿದರೆ ಲೆಕ್ಕ ಗೊತ್ತಿಲ್ಲದವರ ದುಡ್ಡು ಅವರ ಕಡೆಗೇ ಹರಿಯುತ್ತದೆ.

ಆಟ ಹುಟ್ಟಿದ್ದು 19ನೇ ಶತಮಾನದ ಆರಂಭದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ. ಫ್ರೆಂಚರ ಪೋಕ್, ಜರ್ಮನರ ಪೋಖೆನ್ ಎಂಬ ಹಳೆಯ ಆಟಗಳ ನೆಂಟಸ್ತಿಕೆ ಇದಕ್ಕಿದೆ. ಆಗ ಎಲೆ ಬರೀ 20. ನಾಲ್ಕು ಜನಕ್ಕೆ ಐದೈದು ಹಂಚಿದರೆ ಮುಗಿಯಿತು, ಬದಲಾಯಿಸುವುದಕ್ಕೂ ಇಲ್ಲ. ಮಿಸಿಸಿಪ್ಪಿ ನದಿಯ ಹಬೆ ದೋಣಿಗಳಲ್ಲಿ ಮೋಸಗಾರರ ಜೊತೆಜೊತೆಗೇ ಆಟ ಊರೂರು ತಿರುಗಿತು. ಕ್ರಮೇಣ 52 ಎಲೆ ಬಂತು. ಹೋಲ್ಡೆಮ್ ಬಂದಿದ್ದು 20ನೇ ಶತಮಾನದಲ್ಲಿ. ಅದರ ತವರು ರಾಬ್ಸ್‌ಟೌನ್ ಎಂಬ ಊರು ಎಂದು ಟೆಕ್ಸಾಸ್ ಶಾಸನಸಭೆಯೇ ಮಾನ್ಯ ಮಾಡಿದೆ. 1970ರಲ್ಲಿ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಸೀರೀಸ್ ಎಂಬ ಪೋಕರ್ ಪಂದ್ಯಾವಳಿ ಶುರುವಾಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, 86 ಡಾಲರ್ ಕೊಟ್ಟು ಆನ್‌ಲೈನ್ ಪಂದ್ಯ ಗೆದ್ದು ಅಲ್ಲಿಗೆ ಹೋದರು. 25 ಲಕ್ಷ ಡಾಲರ್ ಗೆದ್ದುಬಂದರು. ಅವರನ್ನು ನೋಡಿ ಜಗತ್ತಿನ ತುಂಬ ಜನ ಕಂಪ್ಯೂಟರ್ ಮುಂದೆ ಕೂತರು.

ನಮ್ಮಲ್ಲಿ ಜಗಳ ಕೋರ್ಟಿನಲ್ಲಿ ನಡೆಯಿತು. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಪಶ್ಚಿಮ ಬಂಗಾಳದ 1957ರ ಕಾಯ್ದೆ ಪೋಕರ್ ಅನ್ನು ಜೂಜಿನ ಪಟ್ಟಿಯಿಂದ ಹೊರಗಿಟ್ಟಿದೆ. ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಡ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಇದು ಜೂಜೇ ಎಂದಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದು ಮಾಡಿತು.

ಕೌಶಲ ಇದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಹೊಸಬರಿಗೆ ರಕ್ಷಣೆ ಏನಿದೆ? ಎದುರು ಕೂತವರಿಗೆ ಕೌಶಲ ಇದೆ ಅಂದರೆ ಕಲಿಯದವರ ಸೋಲು ಇನ್ನೂ ಖಚಿತ ಅಲ್ವಾ? ಜೊತೆಗೆ ಬಾಜಿಯಲ್ಲಿ ಆಪ್ ನಡೆಸುವವರೂ ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ಸಾಲ ಮಾಡಿ ಆಡಿದವರ ಮನೆಯಲ್ಲಿ ಆಟದ ಹೆಸರು ಕೌಶಲವೋ ಅದೃಷ್ಟವೋ ಎಂದು ಯಾರೂ ಕೇಳುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಪ್ರಶ್ನೆಯನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಆನ್‌ಲೈನ್‌ನಲ್ಲಿ ಹಣ ಕಟ್ಟಿಸಿ ಆಡಿಸುವಂತಿಲ್ಲ ಎಂದಿತು. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಕ್ಲಬ್ಬಿನಲ್ಲಿ ಎದುರುಬದುರು ಕೂತು ಆಡುವ ಪೋಕರ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಆಯಾ ರಾಜ್ಯದ ಕಾನೂನೇ ಅನ್ವಯ.