ಹಾಡಿದವನಿಲ್ಲ, ಕಾಲುವೆಯಲ್ಲಿ ನೀರಿಲ್ಲ: 'ಎಸ್‌ವೈಎಲ್' ಹಾಡಿನ ಹಿನ್ನೆಲೆ

2022ರ ಜೂನ್ 23ರಂದು ಪಂಜಾಬಿ ಗಾಯಕ ಸಿಧು ಮೂಸೆವಾಲಾ ಅವರ ಯೂಟ್ಯೂಬ್ ಚಾನೆಲ್‌ನಲ್ಲಿ ಹೊಸ ಹಾಡೊಂದು ಬಂತು. ಹೆಸರು 'ಎಸ್‌ವೈಎಲ್'. ಹಾಡಿದವರು ಗುಂಡೇಟಿಗೆ ಬಲಿಯಾಗಿ ಅಷ್ಟೊತ್ತಿಗೆ 25 ದಿನ ಆಗಿತ್ತು. ಮೂರೇ ದಿನದಲ್ಲಿ ಅದು ಎರಡೂವರೆ ಕೋಟಿಗೂ ಜಾಸ್ತಿ ಸಲ ಪ್ಲೇ ಆಯಿತು. ಜೂನ್ 26ರಂದು ಭಾರತದಲ್ಲಿ ಕಾಣೆಯಾಯಿತು. ಸರ್ಕಾರದಿಂದ ಬಂದ ಕಾನೂನು ದೂರಿನ ಕಾರಣ ಇಲ್ಲಿ ತೋರಿಸುತ್ತಿಲ್ಲ ಎಂಬ ಸಾಲು ಮಾತ್ರ ಉಳಿಯಿತು. ಕೆನಡಾದಲ್ಲಿ, ಇಂಗ್ಲೆಂಡಿನಲ್ಲಿ ಹಾಡು ಹಾಗೇ ಓಡುತ್ತಿತ್ತು.

ಇಷ್ಟು ಸುದ್ದಿ ನಮ್ಮ ಪೇಪರ್‌ಗಳಲ್ಲೂ ಬಂದಿತ್ತು. ಆಮೇಲೆ ವಿಷಯ ಗೋಜಲಾಗುತ್ತಾ ಹೋಯಿತು. ನೀರಿನ ಜಗಳ, ಹಳೆಯ ಉಗ್ರವಾದದ ನೆನಪು, ಹಾಡಿನ ಹಕ್ಕು, ಕೋರ್ಟ್ ತಡೆ, ಅಪ್ಪ ಅಮ್ಮನ ದುಃಖ ಎಲ್ಲ ಒಂದಕ್ಕೊಂದು ಸುತ್ತಿಕೊಂಡವು. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಕಾಲುವೆ. ಎಸ್‌ವೈಎಲ್ ಅಂದರೆ ಸಟ್ಲೆಜ್-ಯಮುನಾ ಲಿಂಕ್. ಸಟ್ಲೆಜ್ ಕಡೆಯಿಂದ ಹರಿಯಾಣಕ್ಕೆ ನೀರು ತರಬೇಕಿದ್ದ 214 ಕಿಲೋಮೀಟರ್ ಕಾಲುವೆ. ಅದರಲ್ಲಿ 122 ಕಿಲೋಮೀಟರ್ ಪಂಜಾಬಿನಲ್ಲಿ, 92 ಹರಿಯಾಣದಲ್ಲಿ. 1966ರ ನವೆಂಬರ್ 1ಕ್ಕೆ ಪಂಜಾಬ್ ಒಡೆದು ಹರಿಯಾಣ ಆಯಿತು. ನೆಲ ಹಂಚಿದರು, ನೀರಿನ ಪಾಲು ಬಗೆಹರಿಯಲಿಲ್ಲ. 1976ರಲ್ಲಿ ಕೇಂದ್ರ ಸರ್ಕಾರ ಎರಡೂ ರಾಜ್ಯಕ್ಕೆ 35 ಲಕ್ಷ ಎಕರೆ-ಅಡಿಯಷ್ಟು ನೀರು ಎಂದು ಆದೇಶಿಸಿತು. ನಮಗೆ ರೂಢಿ ಇರುವ ಲೆಕ್ಕದಲ್ಲಿ ಸುಮಾರು 152 ಟಿಎಂಸಿ. 1982ರ ಏಪ್ರಿಲ್ 8ರಂದು ಇಂದಿರಾ ಗಾಂಧಿ ಪಟಿಯಾಲ ಜಿಲ್ಲೆಯ ಕಪೂರಿಯಲ್ಲಿ ಗುದ್ದಲಿ ಹಿಡಿದರು. ಅಲ್ಲೇ ಸಿಖ್ಖರ ಪಕ್ಷವಾದ ಅಕಾಲಿ ದಳದವರ ಚಳವಳಿಯೂ ಶುರುವಾಯಿತು. 1985ರ ಜುಲೈನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಅಕಾಲಿ ನಾಯಕ ಲೋಂಗೋವಾಲ್ ನಡುವೆ ಒಪ್ಪಂದ, ಆಗಸ್ಟ್‌ನಲ್ಲಿ ಲೋಂಗೋವಾಲ್ ಹತ್ಯೆ. ಹರಿಯಾಣ ತನ್ನ ಭಾಗದ ಕಾಲುವೆ ಆಗಲೇ ತೋಡಿ ಕಾಯುತ್ತಿತ್ತು.

1988ರಲ್ಲಿ ಮಜಾತ್ ಹಳ್ಳಿಯ ಹತ್ತಿರ ಕಾಲುವೆ ಕೆಲಸದ ಸುಮಾರು ಮೂವತ್ತು ಕೂಲಿಗಳನ್ನು ಉಗ್ರರು ಗುಂಡಿಟ್ಟು ಕೊಂದರು. 1990ರ ಜುಲೈ 23ರಂದು ಚಂಡೀಗಢದ ಕಚೇರಿಯಲ್ಲೇ ಯೋಜನೆಯ ಮುಖ್ಯ ಎಂಜಿನಿಯರ್ ಮತ್ತು ಸೂಪರಿಂಟೆಂಡಿಂಗ್ ಎಂಜಿನಿಯರ್ ಹತ್ಯೆಯಾಯಿತು. ಕೆಲಸ ನಿಂತಿತು. ಆಮೇಲಿನದು ಕೋರ್ಟ್ ಕತೆ. 2002ರಲ್ಲಿ ಒಂದು ವರ್ಷದೊಳಗೆ ಮುಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2004ರಲ್ಲಿ ಪಂಜಾಬ್ ವಿಧಾನಸಭೆ ಹಳೆಯ ಒಪ್ಪಂದಗಳನ್ನೇ ರದ್ದು ಮಾಡುವ ಕಾಯ್ದೆ ತಂದಿತು. ಅದು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದು ಕೋರ್ಟ್ ಹೇಳಿದ್ದು 2016ರಲ್ಲಿ. ಅದೇ ವರ್ಷ ಕಾಲುವೆಗೆ ಹೋಗಿದ್ದ ಜಮೀನನ್ನು ರೈತರಿಗೆ ವಾಪಸ್ ಕೊಡುತ್ತೇವೆ ಎಂದು ಪಂಜಾಬ್ ಹೊರಟಿತ್ತು.

1991ರ ಕಾವೇರಿ ಮಧ್ಯಂತರ ತೀರ್ಪು, ಅದರ ಹಿಂದೆಯೇ ಬಂದ ಬೆಂಗಳೂರಿನ ಗಲಭೆ ನೆನಪಿರುವವರಿಗೆ ಈ ಕತೆಯ ಧಾಟಿ ಹೊಸದಲ್ಲ. ಟ್ರಿಬ್ಯುನಲ್, ಸರ್ವಪಕ್ಷ ಸಭೆ, ಒಂದು ಹನಿಯನ್ನೂ ಬಿಡೆವು ಎಂಬ ಘೋಷಣೆ ಎಲ್ಲ ನಮಗೂ ಗೊತ್ತಿರುವುದೇ.

ಇನ್ನು ಮನುಷ್ಯನ ವಿಷಯ. ಶುಭದೀಪ್ ಸಿಂಗ್ ಸಿಧು ಹುಟ್ಟಿದ್ದು 1993ರ ಜೂನ್ 11ರಂದು, ಮಾನ್ಸಾ ಜಿಲ್ಲೆಯ ಮೂಸಾ ಹಳ್ಳಿಯಲ್ಲಿ. ಊರಿನ ಹೆಸರೇ ಸ್ಟೇಜ್ ಹೆಸರಾಯಿತು. ಲುಧಿಯಾನದಲ್ಲಿ ಎಂಜಿನಿಯರಿಂಗ್ ಓದಿ ಕೆನಡಾದ ಬ್ರಾಂಪ್ಟನ್‌ಗೆ ಹೋದರು. 2017ರ 'ಸೋ ಹೈ' ಹಿಟ್ ಆಯಿತು. ಪಂಜಾಬಿ ಹಳ್ಳಿಯ ಏರುದನಿಯ ಹಾಡುಗಾರಿಕೆಯನ್ನು ಅಮೆರಿಕದ ಗ್ಯಾಂಗ್‌ಸ್ಟಾ ರಾಪ್ ಬೀಟಿನ ಮೇಲೆ ಕೂರಿಸಿದ್ದು ಅವರ ಹೆಚ್ಚುಗಾರಿಕೆ. ಟ್ರ್ಯಾಕ್ಟರ್, ಜಮೀನು, ಮೀಸೆ, ಬಂದೂಕು ಎಲ್ಲವೂ ಹಾಡಿನಲ್ಲಿ ಇರುತ್ತಿತ್ತು. ಬಂದೂಕಿನ ವಿಷಯಕ್ಕೆ ಕೇಸುಗಳೂ ಆದವು.

ಒಂದು ಘಟನೆ ಇಲ್ಲಿ ಮುಖ್ಯ. 2019ರಲ್ಲಿ ಒಂದು ಹಾಡಿನಲ್ಲಿ ಸಿಖ್ ವೀರ ವನಿತೆ ಮಾಯಿ ಭಾಗೋ ಹೆಸರನ್ನು ಬಳಸಿದ ರೀತಿಗೆ ಜನ ಸಿಟ್ಟಾದರು. ಸಿಧು ಕ್ಷಮೆ ಕೇಳಿದರು. ಬದುಕಿರುವ ಗಾಯಕನ ಹಾಡು ಹೀಗೇ ಇರುತ್ತದೆ. ಬೈದರೆ ಉತ್ತರ ಬರುತ್ತದೆ, ಕೆಲವೊಮ್ಮೆ ಉತ್ತರವೇ ಇನ್ನೊಂದು ಹಾಡಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಅವರು ಕಾಂಗ್ರೆಸ್ ಸೇರಿ, ಮಾನ್ಸಾದಲ್ಲಿ ನಿಂತು, ಆಮ್ ಆದ್ಮಿ ಪಕ್ಷದ ಅಭ್ಯರ್ಥಿಯ ಎದುರು 63,323 ಮತಗಳಿಂದ ಸೋತರು. ಸೋತ ಸಿಟ್ಟನ್ನೆಲ್ಲ 'ಸ್ಕೇಪ್‌ಗೋಟ್' ಎಂಬ ಹಾಡಿಗೆ ಸುರಿದರು. ಮತದಾರರನ್ನೇ ಬೈದರು ಎಂದು ಗಲಾಟೆಯಾಯಿತು.

'ಎಸ್‌ವೈಎಲ್' ಹುಟ್ಟಿದ್ದು ಈ ಹೊತ್ತಿನಲ್ಲಿ. ಹಾಡು ಶುರುವಾಗುವುದು ಹರಿಯಾಣದ ಆಮ್ ಆದ್ಮಿ ಮುಖಂಡ ಸುಶೀಲ್ ಗುಪ್ತಾ ಅವರ ದನಿಯಿಂದ. ನಮ್ಮ ಸರ್ಕಾರ ಬಂದರೆ 2025ಕ್ಕೆ ಹರಿಯಾಣದ ಹೊಲಗಳಿಗೆ ನೀರು ಬರುತ್ತದೆ ಎಂಬ ಭರವಸೆ. ಆ ಮಾತು ಅವರು ಆಡಿದ್ದು 2022ರ ಏಪ್ರಿಲ್‌ನಲ್ಲಿ. ಸಿಧು ಸತ್ತಿದ್ದು ಮೇ 29ಕ್ಕೆ. ಅಂದರೆ ಹಾಡಿಗೆ ಈ ರೂಪ ಬಂದದ್ದು ಒಂದೋ ಅವರ ಕೊನೆಯ ಐದಾರು ವಾರಗಳಲ್ಲಿ, ಇಲ್ಲವೇ ಅವರು ಹೋದ ಮೇಲೆ.

ಈ 'ಒಂದೋ, ಇಲ್ಲವೇ' ಸಣ್ಣ ವಿಷಯವಲ್ಲ. ರಾಪ್ ಹಾಡು ತಯಾರಾಗುವ ರೀತಿ ಸಿನಿಮಾ ಹಾಡಿನ ಹಾಗಲ್ಲ. ಇಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರಲ್ಲ, ಬೀಟ್ ಕಟ್ಟುವವರು. ಗಾಯಕ ಒಂದು ಬೀಟ್ ಮೇಲೆ ಸಾಲುಗಳನ್ನು ಹಾಡಿ ರೆಕಾರ್ಡ್ ಮಾಡುತ್ತಾನೆ. ದನಿ ಒಂದು ಟ್ರ್ಯಾಕ್, ಡ್ರಮ್ ಇನ್ನೊಂದು, ಬೇಸ್ ಮತ್ತೊಂದು. ಎಲ್ಲ ಪ್ರೊಡ್ಯೂಸರ್ ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ಫೈಲು. ಗಾಯಕ ಇಲ್ಲದೆಯೂ ಬೀಟ್ ಬದಲಿಸಬಹುದು, ಇನ್ನೊಬ್ಬರ ದನಿ ಸೇರಿಸಬಹುದು, ಮೊದಲಿಗೆ ಭಾಷಣದ ತುಣುಕು ಹಚ್ಚಬಹುದು. ಮುಗಿದ ಹಾಡು ಕೇಳುವವರಿಗೆ ಯಾವುದು ಯಾವಾಗ ಸೇರಿತು ಎಂದು ತಿಳಿಯುವುದೇ ಇಲ್ಲ. 'ಎಸ್‌ವೈಎಲ್'ಗೆ ಬೀಟ್ ಕಟ್ಟಿದವರು ಮರ್ಸಿ ಎಂಬ ಪ್ರೊಡ್ಯೂಸರ್. ಸಾಲು ಸಿಧು ಅವರದೇ. ಅವರು ಬರೆದ ಹಾಡು ಅವರೇ ಹಾಡುವುದು ಮೊದಲಿನಿಂದ ಬಂದ ಪದ್ಧತಿ.

ಹಾಡು ಹೇಳುವುದು ಬರೀ ಕಾಲುವೆಯನ್ನಲ್ಲ. ಪಂಜಾಬ್, ಹರಿಯಾಣ, ಹಿಮಾಚಲ ಒಂದಾಗಿದ್ದ ಹಳೆಯ ಪಂಜಾಬನ್ನು ನೆನೆಯುತ್ತದೆ. ಸ್ವಂತ ಅಧಿಕಾರ ಕೊಡುವವರೆಗೆ ನೀರು ಬಿಡಿ, ಒಂದು ತೊಟ್ಟೂ ಕೊಡುವುದಿಲ್ಲ ಎನ್ನುತ್ತದೆ. ಶಿಕ್ಷೆಯ ಅವಧಿ ಮುಗಿದರೂ ಒಳಗಿದ್ದಾರೆ ಎಂದು ಸಿಖ್ ಸಂಘಟನೆಗಳು ಹೇಳುವ ಕೈದಿಗಳ ಬಿಡುಗಡೆ ಕೇಳುತ್ತದೆ. 2021ರ ಜನವರಿ 26ರಂದು ರೈತ ಚಳವಳಿಯ ವೇಳೆ ಕೆಂಪು ಕೋಟೆಯಲ್ಲಿ ಹಾರಿದ ಸಿಖ್ ಧ್ವಜವೂ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, 1990ರ ಎಂಜಿನಿಯರ್ ಹತ್ಯೆಯ ಆರೋಪ ಹೊತ್ತಿದ್ದ ಬಲ್ವಿಂದರ್ ಸಿಂಗ್ ಜಟಾನಾ ಹೆಸರು ಅಭಿಮಾನದಿಂದ ಬರುತ್ತದೆ. ಮಜಾತ್‌ನ ಕೂಲಿಗಳು ಮಾತ್ರ ಬರುವುದಿಲ್ಲ. ನಲವತ್ತು ವರ್ಷದ ಜಗಳವನ್ನು ನಾಲ್ಕು ನಿಮಿಷಕ್ಕೆ ಇಳಿಸಿದರೆ ಯಾರೋ ಹೊರಗೆ ಉಳಿಯುತ್ತಾರೆ. ಸಿಧು ಬದುಕಿದ್ದರೆ ಯಾರಾದರೂ ಅವರನ್ನು ಈ ಬಗ್ಗೆ ಪ್ರಶ್ನಿಸುತ್ತಿದ್ದರು, ಅಲ್ವಾ? ಅವರು ಬಾಗುತ್ತಿದ್ದರೋ, ಇನ್ನಷ್ಟು ಜೋರಾಗಿ ಹಾಡುತ್ತಿದ್ದರೋ, ಏನೋ ಒಂದು ಆಗುತ್ತಿತ್ತು. ಈಗ ಹುತಾತ್ಮನ ದನಿಯ ಜೊತೆ ವಾದ ಮಾಡುವವರು ಯಾರು?

ಸರ್ಕಾರಕ್ಕೂ ಈ ಪ್ರಶ್ನೆಗೆ ಸಿಕ್ಕಿದ ದಾರಿ ಒಂದೇ, ಹಾಡನ್ನು ಮುಚ್ಚುವುದು. ಇದು ಹೊಸತಲ್ಲ. 2021ರಲ್ಲಿ ರೈತ ಚಳವಳಿಯ ಹಾಡುಗಳೂ ಯೂಟ್ಯೂಬ್‌ನಿಂದ ಹೋಗಿದ್ದವು. 2022ರ ಜುಲೈನಲ್ಲಿ ಕೈದಿಗಳ ಬಿಡುಗಡೆ ಕುರಿತ ಕನ್ವರ್ ಗ್ರೇವಾಲ್ ಅವರ 'ರಿಹಾಯಿ' ಹೋಯಿತು. ಮುಚ್ಚಿದ್ದರಿಂದ ಹಾಡು ಸಾಯಲಿಲ್ಲ. ಕಾಲುವೆ ಹೆಸರೇ ಕೇಳದ ಹುಡುಗರು ವಾಟ್ಸ್ಆಪ್‌ನಲ್ಲಿ ಹಂಚಿಕೊಂಡರು. ಎದುರು ವಾದ ಮಾಡಬಹುದಾಗಿದ್ದ ಜಾಗವೂ ಮುಚ್ಚಿತು, ಅಷ್ಟೇ.

ಹಾಡುಗಳು ಯಾರ ಕೈಗೆ ಹೋದವು ಎಂಬುದು ಗೋಜಲಿನ ಇನ್ನೊಂದು ಎಳೆ. ಮೇ 28ರಂದು ಪಂಜಾಬ್ ಸರ್ಕಾರ 424 ಜನರ ಭದ್ರತೆಯನ್ನು ಕಡಿತ ಮಾಡಿತ್ತು. ಸಿಧು ಅವರೂ ಆ ಪಟ್ಟಿಯಲ್ಲಿದ್ದರು. ಮರುದಿನ ಜವಾಹರ್‌ಕೆ ಹಳ್ಳಿಯಲ್ಲಿ ಅವರ ಜೀಪಿನ ಮೇಲೆ ಗುಂಡಿನ ಮಳೆ. ಕೆಲವೇ ದಿನದಲ್ಲಿ ಅವರ ಖಾತೆಯಿಂದ ಪ್ರೊಡ್ಯೂಸರ್‌ಗಳಿಗೆ ಒಂದು ಮನವಿ ಬಂತು. ಮುಗಿದಿರಲಿ, ಮುಗಿಯದೇ ಇರಲಿ, ಅವರ ಯಾವ ಹಾಡನ್ನೂ ಹಂಚಬೇಡಿ, ಬಿಡುಗಡೆ ಮಾಡಬೇಡಿ. ಜೂನ್ 8ರ ಭೋಗ್ ಮುಗಿದ ಮೇಲೆ ಎಲ್ಲವನ್ನೂ ತಂದೆ ಬಲ್ಕೌರ್ ಸಿಂಗ್ ಅವರಿಗೆ ಒಪ್ಪಿಸಿ ಎಂದು. ಭೋಗ್ ಅಂದರೆ ಸಿಖ್ಖರ ಅಂತಿಮ ಪ್ರಾರ್ಥನೆ. ಮಗನ ಕ್ರಿಯೆ ಮುಗಿಯುವ ಮೊದಲೇ ಹಾರ್ಡ್‌ಡಿಸ್ಕ್‌ಗಳ ಚಿಂತೆ ಮಾಡಬೇಕಾದ ಸ್ಥಿತಿ.

ಆ ಚಿಂತೆ ಸುಮ್ನೆ ಹುಟ್ಟಿದ್ದಲ್ಲ. ಸಂಗೀತ ನಿರ್ದೇಶಕ ಸಲೀಂ ಮರ್ಚೆಂಟ್ ಅವರು ಸಿಧು ಮತ್ತು ಅಫ್ಸಾನಾ ಖಾನ್ ಹಾಡಿದ್ದ 'ಜಾಂದಿ ವಾರ್' ಹಾಡನ್ನು 2022ರ ಸೆಪ್ಟೆಂಬರ್ 2ಕ್ಕೆ ಬಿಡುಗಡೆ ಮಾಡುವುದಾಗಿ ಹೇಳಿದರು. ಬಂದ ಹಣದಲ್ಲಿ ಒಂದು ಪಾಲು ಹೆತ್ತವರಿಗೆ ಎಂದೂ ಹೇಳಿದ್ದರು. ಕುಟುಂಬ ಕೋರ್ಟ್‌ಗೆ ಹೋಯಿತು, ಮಾನ್ಸಾ ಕೋರ್ಟ್ ತಡೆ ಕೊಟ್ಟಿತು. ಜೊತೆಗೆ ದುಡಿದವರಿಗೆ ಅದು ತಮ್ಮ ಹಾಡೂ ಹೌದು. ಹೆತ್ತವರಿಗೆ ಅದು ಮಗನ ದನಿ. ಎರಡರಲ್ಲೂ ಸುಳ್ಳಿಲ್ಲ.

ಕಾನೂನು ಈ ವಿಷಯದಲ್ಲಿ ಸ್ವಲ್ಪ ವಿಚಿತ್ರವಾಗಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ಬರೆದವರು ಸತ್ತು 60 ವರ್ಷದವರೆಗೆ ಹಕ್ಕು ಇರುತ್ತದೆ. ಆದರೆ 24ನೇ ಸೆಕ್ಷನ್ ಪ್ರಕಾರ, ಸಾಹಿತ್ಯವೋ ಸಂಗೀತವೋ ಸಾವಿನ ನಂತರ ಮೊದಲ ಸಲ ಪ್ರಕಟವಾದರೆ 60 ವರ್ಷದ ಲೆಕ್ಕ ಪ್ರಕಟಣೆಯಿಂದ ಶುರು. 'ಎಸ್‌ವೈಎಲ್' ಸಾಹಿತ್ಯದ ಹಕ್ಕು 2082ರ ಕೊನೆಯವರೆಗೆ. 2025ರಲ್ಲಿ ಮೊದಲು ಬಂದ ಸಾಹಿತ್ಯಕ್ಕೆ 2085ರವರೆಗೆ. ತಡ ಮಾಡಿದಷ್ಟೂ ಹಕ್ಕು ಮುಂದಕ್ಕೆ ಹೋಗುತ್ತದೆ. ಕೃತಿಯನ್ನು ತಿರುಚಿ ಬರೆದವರ ಹೆಸರಿಗೆ ಮಸಿ ಬಳಿದರೆ ವಾರಸುದಾರರು ಪ್ರಶ್ನಿಸಬಹುದು ಎಂದು 57ನೇ ಸೆಕ್ಷನ್ ಹೇಳುತ್ತದೆ. ವಾರಸುದಾರರೇ ಬದಲಿಸಿದರೆ ಕೇಳುವವರು ಯಾರು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಹಿಪ್‌ಹಾಪ್‌ನಲ್ಲಿ, ಅಂದರೆ ರಾಪ್ ಲೋಕದಲ್ಲಿ, ಸತ್ತವರ ಹಾಡು ಹೊರತರುವ ಈ ದಾರಿ ತೆರೆದದ್ದು ಅಮೆರಿಕದ ರಾಪರ್ ಟೂಪಾಕ್ ಶಕೂರ್ ಸಾವು. ಅವರ ಮೇಲೆ ಗುಂಡು ಹಾರಿದ್ದು 1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ, ಸತ್ತಿದ್ದು 13ಕ್ಕೆ. ಬದುಕಿದ್ದಾಗ ಬಂದ ಸ್ವಂತ ಆಲ್ಬಂ ನಾಲ್ಕು, ಸತ್ತ ಮೇಲೆ ಬಂದದ್ದು ಆರು. ಮೊದಲನೆಯದನ್ನು ಅವರೇ ಹೆಚ್ಚುಕಡಿಮೆ ಮುಗಿಸಿದ್ದರು, ನವೆಂಬರ್‌ನಲ್ಲೇ ಬಂತು. ಕೊನೆಕೊನೆಯ ಆಲ್ಬಂಗಳಲ್ಲಿ ಹಳೆಯ ದನಿಗೆ ಹೊಸ ಬೀಟ್, ಹೊಸ ಅತಿಥಿಗಳು. ಸಿಧು ಅವರಿಗೆ ಟೂಪಾಕ್ ಅಂದರೆ ಪ್ರಾಣ. 2022ರ ಮೇ 15ಕ್ಕೆ ಬಂದ ಅವರ 'ದಿ ಲಾಸ್ಟ್ ರೈಡ್' ಹಾಡಿನ ಕವರ್‌ನಲ್ಲಿ ಟೂಪಾಕ್ ಗುಂಡೇಟು ತಿಂದ ಕಾರಿನ ಚಿತ್ರವಿತ್ತು. ಎರಡು ವಾರದಲ್ಲಿ ಅದೇ ರೀತಿಯ ಸಾವು. ಅಭಿಮಾನಿಗಳು ಇದನ್ನು ವಿಧಿ ಎಂದರು. ನನಗೆ ಹಾಗನ್ನಿಸುವುದಿಲ್ಲ. ಬೆದರಿಕೆಗಳ ನಡುವೆ ಬದುಕುತ್ತಿದ್ದ ಹುಡುಗ ತನ್ನ ಭಯವನ್ನು ಹಾಡಾಗಿಸಿದ್ದ.

ಸಿಧು ಅವರ ಹಾಡುಗಳ ಸಾಲೂ ಅದೇ ದಾರಿಯಲ್ಲಿದೆ. 2022ರ ನವೆಂಬರ್ 8ರ ಗುರು ನಾನಕ್ ಜಯಂತಿಗೆ 'ವಾರ್'. 2023ರ ಏಪ್ರಿಲ್‌ನಲ್ಲಿ ನೈಜೀರಿಯಾದ ಗಾಯಕ ಬರ್ನಾ ಬಾಯ್ ಜೊತೆ 'ಮೇರಾ ನಾ'. ಜುಲೈನಲ್ಲಿ ಮುಂಬೈನ ರಾಪರ್ ಡಿವೈನ್ ಜೊತೆ 'ಚೋರ್ನಿ'. 2025ರಲ್ಲಿ ಅವರ ಹುಟ್ಟುಹಬ್ಬಕ್ಕೆ ಮೂರು ಹಾಡಿನ 'ಮೂಸ್ ಪ್ರಿಂಟ್'. ಮಗನನ್ನು ಹಾಡುಗಳಲ್ಲಿ ಬದುಕಿಸಿಡುತ್ತೇನೆ ಎಂದು ತಂದೆ ಹೇಳುತ್ತಲೇ ಬಂದಿದ್ದಾರೆ. ಪುನೀತ್ ಹೋದ ಮೇಲೆ 'ಜೇಮ್ಸ್'ಗೆ ಶಿವಣ್ಣ ದನಿ ಕೊಟ್ಟದ್ದು, ಆಮೇಲೆ ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ಕೂಡಿಸಿದ್ದು ನಮಗೆ ಗೊತ್ತು. ಆಗ ನಾವು ಯಾರೂ ತಕರಾರು ಎತ್ತಲಿಲ್ಲ. ಪ್ರೀತಿ ಇದ್ದಲ್ಲಿ ಒಪ್ಪಿಗೆಯ ಪ್ರಶ್ನೆ ಬಾಯಿಗೇ ಬರುವುದಿಲ್ಲ. ಆದರೆ ಅದು ಸಿನಿಮಾ ಮಾತು. 'ಎಸ್‌ವೈಎಲ್' ಎರಡು ರಾಜ್ಯಗಳ ಗಾಯಕ್ಕೆ ಕೈ ಹಾಕಿದ ಹಾಡು. ಅದನ್ನು ಯಾವಾಗ, ಹೇಗೆ ಹೊರಗೆ ತರಬೇಕೆಂಬ ತೀರ್ಮಾನ ಹಾಡಿದವನ ಕೈಯಲ್ಲಿರಲಿಲ್ಲ.

ಗುಪ್ತಾ ಹೇಳಿದ್ದ 2025 ಬಂದು ಹೋಯಿತು, ನೀರು ಬರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಭಾಗದ ಕಾಲುವೆ ಜಮೀನನ್ನು ಸರ್ವೆ ಮಾಡಿ ಎಂದಿತ್ತು. 2025ರ ಮೇನಲ್ಲಿ ಕೇಂದ್ರದ ಜೊತೆ ಸಹಕರಿಸಿ ಎಂದು ಎರಡೂ ರಾಜ್ಯಗಳಿಗೆ ಮತ್ತೆ ಹೇಳಿತು. ಈ ನಡುವೆ ಪಂಜಾಬಿನ ಬೋರ್‌ವೆಲ್‌ಗಳು ಪ್ರತಿ ವರ್ಷ ಎತ್ತುವ ನೀರು, ನೆಲದೊಳಗೆ ಇಂಗುವ ನೀರಿನ ಒಂದೂವರೆ ಪಟ್ಟನ್ನೂ ದಾಟಿದೆ. ಇದರ ಬಗ್ಗೆ ಹಿಟ್ ಹಾಡು ಬರುವುದು ಕಷ್ಟ, ಬೈಯಲು ಎದುರುಗಡೆ ಯಾರೂ ಇಲ್ಲವಲ್ಲ.

2025ರಲ್ಲಿ ಸಿಧು ಅವರ ಅಧಿಕೃತ ಖಾತೆಯಿಂದ 'ಸೈನ್ಡ್ ಟು ಗಾಡ್' ಎಂಬ ವಿಶ್ವ ಪ್ರವಾಸದ ಘೋಷಣೆಯಾಯಿತು. ಹಾಲೋಗ್ರಾಮ್ ಬೆಳಕಿನಲ್ಲಿ ಅವರನ್ನು ಮತ್ತೆ ವೇದಿಕೆಗೆ ತರುವ ಯೋಜನೆ. ಹಾಡು ಮುಚ್ಚಿರುವ ದೇಶದಲ್ಲೂ, ತೆರೆದಿರುವ ದೇಶದಲ್ಲೂ ಆ ಬೆಳಕಿನ ಬಾಯಲ್ಲಿ 'ಎಸ್‌ವೈಎಲ್' ಹಾಡಿಸಬೇಕೋ ಬೇಡವೋ ಎಂದು ಈಗ ತೀರ್ಮಾನಿಸಬೇಕಾದವರು ಅವರ ಮನೆಯವರು ಮತ್ತು ತಂಡ.