ಒಂದೇ ಪುಲ್ಲಿ, ಊರಿಗೊಂದು ಬೂಸ್ಟ್

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಬ್ಲೋವರ್ (ಸೂಪರ್‌ಚಾರ್ಜರ್) ಅದೇ, ಬೆಲ್ಟಿನಿಂದ ಅದನ್ನು ತಿರುಗಿಸುವ ಪುಲ್ಲಿಯೂ ಅದೇ. ಕರಾವಳಿಯ ಕುಂಬಳೆಯಲ್ಲಿ ಬೂಸ್ಟ್ (ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ) ತೋರಿಸುವ ಗೇಜಿನ ಮುಳ್ಳು 10 ಪಿಎಸ್‌ಐ (ಒತ್ತಡದ ಅಳತೆ) ದಾಟುತ್ತದೆ, ಹೊಸೂರಿನಲ್ಲಿ 9.2ರ ಹತ್ತಿರವೇ ನಿಲ್ಲುತ್ತದೆ. ಡ್ರ್ಯಾಗ್ ಕಾರಿಗೆ (ನೇರ ಹಾದಿಯ ಕಿರು ಓಟದ ಕಾರು) ಯಾವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ (ಇಂಪೆಲ್ಲರ್ ಎಂಬ ರೆಕ್ಕೆಚಕ್ರ ತಿರುಗಿಸಿ ಗಾಳಿ ತಳ್ಳುವ ಬಗೆ) ಮೇಲು ಎಂಬ ಗ್ಯಾರೇಜಿನ ಚರ್ಚೆ ದಾರಿ ತಪ್ಪುವುದು ಈ ಮುಳ್ಳಿನಿಂದಲೇ.

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಅಲ್ಲ, 13.2 ಪಿಎಸ್‌ಐ. ಬ್ಲೋವರ್ ಒಳಗೆಳೆದ ಗಾಳಿಯ ಒತ್ತಡವನ್ನು 1.7 ಪಟ್ಟು ಮಾಡುತ್ತದೆ ಅಷ್ಟೇ. ತಳಮಟ್ಟವೇ ಕಡಿಮೆಯಾದರೆ ಗೇಜೂ ಕಡಿಮೆ ತೋರಿಸುತ್ತದೆ. ಹಾಗೆಂದು ಕರಾವಳಿಗೆ ಪೂರ್ತಿ ಲಾಭವಿಲ್ಲ. 35 ಡಿಗ್ರಿ ಸೆಕೆಯಲ್ಲಿ ಗಾಳಿ ತೆಳ್ಳಗಾಗಿರುತ್ತದೆ, ನೂರಕ್ಕೆ ನಾಲ್ಕು ಪಾಲು ನೀರಾವಿಯೇ ತುಂಬಿರುತ್ತದೆ. ಎಂಜಿನ್ನಿಗೆ ಸಿಗುವ ಆಮ್ಲಜನಕದಲ್ಲಿ ಎರಡೂ ಊರುಗಳ ಅಂತರ ಗೇಜು ತೋರಿಸುವುದಕ್ಕಿಂತ ಬಹಳ ಕಡಿಮೆ.

ರೂಟ್ಸ್, ಸೆಂಟ್ರಿಫ್ಯೂಗಲ್ ಎಂಬ ಎರಡು ಬಗೆಯ ಬ್ಲೋವರುಗಳ ಪೈಪೋಟಿ ಹಳೆಯದು. 1860ರಲ್ಲಿ ಅಮೆರಿಕದ ರೂಟ್ಸ್ ಸಹೋದರರು ಲೋಬು (ಉಬ್ಬು ರೆಕ್ಕೆ) ತಿರುಗುವ ಬ್ಲೋವರಿಗೆ ಪೇಟೆಂಟ್ ಪಡೆದರು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಸೆಂಟ್ರಿಫ್ಯೂಗಲ್ ವಿಧಾನಕ್ಕೆ. ಎರಡನೇ ಮಹಾಯುದ್ಧದ ವಿಮಾನಗಳು ಎತ್ತರಕ್ಕೆ ಹಾರಿದ್ದು ಸೆಂಟ್ರಿಫ್ಯೂಗಲ್ ಬ್ಲೋವರುಗಳ ಬಲದಿಂದ. ಆದರೆ ಯುದ್ಧ ಮುಗಿದ ಮೇಲೆ ಡ್ರ್ಯಾಗ್ ಸ್ಟ್ರಿಪ್ ರೂಟ್ಸ್ ಪಾಲಾಯಿತು. ಜಿಎಂಸಿ ಡೀಸೆಲ್ ಎಂಜಿನ್ನುಗಳಿಂದ ಬಿಚ್ಚಿದ ಬ್ಲೋವರುಗಳು ಅಗ್ಗಕ್ಕೆ ಸಿಗುತ್ತಿದ್ದವು. ಆ ಎಂಜಿನ್ನುಗಳಲ್ಲೊಂದು 6-71, ಎಂದರೆ ಆರು ಸಿಲಿಂಡರ್, ತಲಾ 71 ಘನ ಇಂಚು. ಆ ಡೀಸೆಲ್ ಎಂಜಿನ್ನಿನ ಹೆಸರೇ ಬ್ಲೋವರಿಗೂ ಅಂಟಿಕೊಂಡಿತು. ಆಕ್ಸಿಲರೇಟರ್ ತುಳಿದ ಕ್ಷಣವೇ ಬೂಸ್ಟ್. 1957ರ ಥಂಡರ್‌ಬರ್ಡ್‌ನಂಥ ಕೆಲವು ಕಾರುಗಳಿಗೆ ಸೆಂಟ್ರಿಫ್ಯೂಗಲ್ ಬಂದರೂ ಸ್ಟ್ರಿಪ್ಪಿನಲ್ಲಿ ಅದು ಹಿಂದೆಯೇ ಉಳಿಯಿತು.

ಗಾಳಿ ತಿರುಗಿದ್ದು 1986ರ ನಂತರ, ಫೋರ್ಡ್‌ನ 5.0 ಲೀಟರ್ ಮಸ್ಟಾಂಗ್ ಕಾರಿಗೆ ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲೆ. ಸೆಂಟ್ರಿಫ್ಯೂಗಲ್ ಬ್ಲೋವರಿಗಾದರೆ ಬಾನೆಟ್ ಕೊಯ್ಯದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಬದಲಿಸದೆ, ಎಂಜಿನ್ ಮುಂದೆ ಬ್ರಾಕೆಟ್ ಕೂರಿಸಿ ಬೆಲ್ಟ್ ಹಾಕಿದರಾಯಿತು. 1990ರ ದಶಕದಲ್ಲಿ ವೋರ್ಟೆಕ್, ಪ್ರೊಚಾರ್ಜರ್ ಕಂಪನಿಗಳ ಕಿಟ್‌ಗಳು ಬಂದವು. ಇಂದಿನ ಗೊಂದಲಕ್ಕೂ ಆಗಲೇ ನಾಂದಿ: ಇಂಪೆಲ್ಲರ್ ವೇಗ, ಗಾಳಿಯ ತೂಕ ಹಿಂದೆ ಸರಿದು, ಪಿಎಸ್‌ಐ ಒಂದೇ ಅಳತೆಗೋಲಾಯಿತು.

ಹೋಲಿಸಬೇಕಾದದ್ದು ಮೊದಲು ಇಂಪೆಲ್ಲರ್ ವೇಗವನ್ನು. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ 7 ಇಂಚು, ಬ್ಲೋವರ್ ಪುಲ್ಲಿ 3.5 ಇಂಚು, ಒಳಗಿನ ಗೇರ್ 3.45 ಪಟ್ಟು ಎಂದಿಟ್ಟುಕೊಳ್ಳಿ. 6500 ಆರ್‌ಪಿಎಂನಲ್ಲಿ ಇಂಪೆಲ್ಲರ್ ನಿಮಿಷಕ್ಕೆ 44,850 ಸುತ್ತು ತಿರುಗುತ್ತದೆ. ಪುಲ್ಲಿಯನ್ನು 3.12 ಇಂಚಿಗೆ ಇಳಿಸಿದರೆ 50,300. ಆ ಬ್ಲೋವರಿನ ಮಿತಿ 50 ಸಾವಿರವಾಗಿದ್ದರೆ ಅಲ್ಲಿಂದಾಚೆ ಹೆಚ್ಚುವುದು ಬಿಸಿಯೇ ಹೊರತು ಗಾಳಿಯಲ್ಲ. ಬೇರಿಂಗ್‌ಗೂ ಅದು ಪೆಟ್ಟು. ಹೊಸೂರಿನ ಲೇತ್‌ಗಳಲ್ಲಿ ಪುಲ್ಲಿ ತಿರುವಿಸಿಕೊಳ್ಳುವುದು ಸುಲಭ. ಸುಲಭ ಅಂತಲೇ ಈ ಲೆಕ್ಕ ಬಿಟ್ಟುಹೋಗುತ್ತದೆ.

ಬಿಸಿಯ ಲೆಕ್ಕವೂ ಚಿಕ್ಕದಲ್ಲ. 35 ಡಿಗ್ರಿಯ ಗಾಳಿ 1.7 ಪಟ್ಟು ಒತ್ತಡಕ್ಕೆ ಏರುವಾಗ, ಬ್ಲೋವರಿನ ದಕ್ಷತೆ ಶೇ. 70 ಇದ್ದರೂ, 107 ಡಿಗ್ರಿ ಆಗಿ ಹೊರಬರುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ಸಾಮಾನ್ಯ ಪೆಟ್ರೋಲಿನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಆಗುವ ಅಪಾಯ ಹೆಚ್ಚು. 500 ಎಚ್‌ಪಿ ಎಂಜಿನ್ನಿನಲ್ಲಿ ಬ್ಲೋವರ್ ತಿರುಗಿಸಲಿಕ್ಕೇ 35ರಿಂದ 40 ಎಚ್‌ಪಿ ಬೆಲ್ಟಿನ ಮೂಲಕ ಹೋಗುತ್ತದೆ.

ಸೆಂಟ್ರಿಫ್ಯೂಗಲ್‌ನ ಬೂಸ್ಟ್ ಹೆಚ್ಚುಕಮ್ಮಿ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6500ಕ್ಕೆ 10 ಪಿಎಸ್‌ಐ ಇದ್ದರೆ 3250ಕ್ಕೆ ಎರಡೂವರೆ ಮಾತ್ರ. ಹೊರಡುವಾಗ ಟೈರ್ ಸುತ್ತಿ ಹೋಗುವುದಿಲ್ಲ, ಇದು ನಿಜವಾದ ಅನುಕೂಲ. ಆದರೆ ಗೇರ್ ಬದಲಿಸಿ ಆರ್‌ಪಿಎಂ 4500ಕ್ಕೆ ಬಿದ್ದರೆ ಬೂಸ್ಟ್ ಐದಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಈ ಬ್ಲೋವರಿಗೆ ಹತ್ತಿರ ಹತ್ತಿರದ ಗೇರುಗಳು, ಇಲ್ಲವೇ ಹೈ ಸ್ಟಾಲ್ ಕನ್ವರ್ಟರ್ (ಆರ್‌ಪಿಎಂ ಮೇಲೇರಿದ ಮೇಲೆ ಹಿಡಿಯುವಂಥದ್ದು) ಇರುವ ಆಟೊಮ್ಯಾಟಿಕ್ ಬೇಕು. ಅದಿಲ್ಲದೆ ರೂಟ್ಸ್ ಜೊತೆ ಹೋಲಿಸುವುದು ಅನ್ಯಾಯ. 402 ಮೀಟರ್ ಓಟಕ್ಕೆ ಟ್ಯೂನ್ ಮಾಡಿದ ಇಂಥ ಗಾಡಿಯನ್ನು ತಲಪಾಡಿ ಕಡೆಯ ಹೊಸ ಹೆದ್ದಾರಿಯಲ್ಲಿ ಪರೀಕ್ಷಿಸುವುದು ಜೀವದ ಜೊತೆ ಆಟ. ಮುಚ್ಚಿದ ಟ್ರ್ಯಾಕೇ ಬೇಕು.

ಎಣ್ಣೆಯಲ್ಲಿ ಎರಡು ಬಗೆ. ಬ್ಲೋವರಿನೊಳಗೇ ಎಣ್ಣೆ ಇಟ್ಟುಕೊಂಡವು ಒಂದು. ಅವಕ್ಕೆ ಹೇಳಿದ ಸಮಯಕ್ಕೆ ಎಣ್ಣೆ ಬದಲಿಸಿದರೆ ಸಾಕು. ಎಂಜಿನ್ನಿನಿಂದ ಎಣ್ಣೆ ಪಡೆಯುವವು ಇನ್ನೊಂದು. ಇದಕ್ಕೆ ಸಂಪಿನಲ್ಲಿ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ), ಎಣ್ಣೆ ಮಟ್ಟಕ್ಕಿಂತ ಮೇಲೆ, ರಿಟರ್ನ್ ತೂತು ಬೇಕು. ಡ್ರಿಲ್ ಹಾಕಬೇಡಿ, ಪಂಚ್‌ನಿಂದ ತೂತು ಮಾಡಿ, ಟ್ಯಾಪ್‌ಗೆ (ಥ್ರೆಡ್ ಕೊರೆಯುವ ಉಪಕರಣ) ದಪ್ಪಗೆ ಗ್ರೀಸ್ ಮೆತ್ತಿ ಥ್ರೆಡ್ ಹಾಕಿ, ಲೋಹದ ಚೂರು ಗ್ರೀಸಿಗೆ ಅಂಟಿಕೊಂಡು ಹೊರಬರುತ್ತದೆ. ರಿಟರ್ನ್ ಪೈಪು ಎಲ್ಲೂ ಜೋಲದೆ ಇಳಿಜಾರಾಗಿಯೇ ಬರಬೇಕು. ಜೋತುಬಿದ್ದರೆ ಎಣ್ಣೆ ಹಿಂದೆ ನಿಂತು ಸೀಲ್ ಸೋರುತ್ತದೆ, ಇನ್‌ಟೇಕ್ ಪೈಪಿನಲ್ಲಿ ಎಣ್ಣೆ ಕಾಣುತ್ತದೆ. ಬೈಗುಳ ಮಾತ್ರ ಬ್ಲೋವರಿಗೆ. ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಹೊರಹೋಗಲು ಬೈಪಾಸ್ ವಾಲ್ವ್ ಇಲ್ಲದಿದ್ದರೆ ಅದು ವಾಪಸ್ ಬಡಿದು ಇಂಪೆಲ್ಲರನ್ನು ನಡುಗಿಸುತ್ತದೆ.

ಹೆಚ್ಚು ಜನ ಸೋಲುವುದು ಬೆಲ್ಟಿನಲ್ಲಿ. ಲಾಗ್ (ಓಟದ ವೇಳೆ ದಾಖಲಾದ ಅಂಕಿಗಳು) ತೆಗೆದು ನೋಡಿ: 5500ರವರೆಗೆ ಏರುತ್ತಾ ಬಂದ ಬೂಸ್ಟ್ ಆಮೇಲೆ ಸಪಾಟಾಗಿ, ತುದಿಯಲ್ಲಿ ಇಳಿದರೆ ಮೊದಲ ಅನುಮಾನ ಬೆಲ್ಟ್ ಜಾರುವುದರ ಮೇಲೆ. ಬಾನೆಟ್ ಎತ್ತಿದರೆ ಬ್ರಾಕೆಟ್ ಮೇಲೆ ಕಾಡಿಗೆಯಂಥ ಪುಡಿ, ಬೆಲ್ಟಿನ ಏಣುಗಳು ಗಾಜಿನಂತೆ ನುಣ್ಣಗೆ. ಇನ್ನೂ ಚಿಕ್ಕ ಪುಲ್ಲಿ ಹಾಕಿದರೆ ಹಿಡಿತ ಮತ್ತೂ ಕಡಿಮೆಯಾಗುತ್ತದೆ. ಮೊದಲು ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ನೇರಪಟ್ಟಿ ಇಟ್ಟು ನೋಡಿ, ಐಡ್ಲರ್ (ಬೆಲ್ಟನ್ನು ಒತ್ತಿ ದಾರಿಗೆ ತರುವ ಪುಲ್ಲಿ) ಸರಿಸಿ ಬೆಲ್ಟಿನ ಸುತ್ತು ಹೆಚ್ಚಿಸಿ, ಆರು ಏಣಿನಿಂದ ಎಂಟು ಏಣಿನ ಬೆಲ್ಟಿಗೆ ಹೋಗಿ. ಹಲ್ಲಿನ ಬೆಲ್ಟ್ ಕೊನೆಯ ಉಪಾಯ: ಅದು ಜಾರುವುದಿಲ್ಲ, ಆದ್ದರಿಂದ ಗೇರ್ ಬದಲಿಸುವಾಗಿನ ಹೊಡೆತ ನೇರವಾಗಿ ಬ್ಲೋವರಿನ ಗೇರಿಗೂ ಕ್ರ್ಯಾಂಕಿನ ಮೂತಿಗೂ ಬೀಳುತ್ತದೆ.