ಕಟ್ಟುವಾಗ ಒಂದು ಮಾದರಿ, ಓಡಿಸುವಾಗ ಇನ್ನೊಂದು ಯಾಕೆ?

ಹೊಸ ಸ್ಥಾವರ ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಅದರ ಸಿಮ್ಯುಲೇಶನ್ ಮಾದರಿ ಮಾಡುತ್ತಾರೆ. ಪಂಪು ಎಷ್ಟು ದೊಡ್ಡದಿರಬೇಕು, ಟ್ಯಾಂಕು ಎಷ್ಟು ಬೇಗ ತುಂಬುತ್ತದೆ ಎಂದೆಲ್ಲ ಅದರಲ್ಲೇ ನೋಡುತ್ತಾರೆ. ಕೆಲಸ ಮುಗಿದ ಮೇಲೆ ಆ ಮಾದರಿಯನ್ನು ಕೇಳುವವರೇ ಇರುವುದಿಲ್ಲ. ಕಂಟ್ರೋಲ್ ತಂಡ ತನ್ನದೇ ಮಾದರಿ ಮಾಡಿಕೊಳ್ಳುತ್ತದೆ. ಆಪರೇಟರ್‌ಗಳ ತರಬೇತಿಗೆ ಮತ್ತೊಂದು. ಒಂದು ತಂಡ ಕಲಿತದ್ದು ಇನ್ನೊಂದಕ್ಕೆ ದಾಟುವುದೇ ಇಲ್ಲ.

ಈ ಒಡಕು ಹಳೆಯದು. 1950ರ ದಶಕದ ಕೊನೆಗೆ ಇಂಗ್ಲೆಂಡಿನ ಯುನೈಟೆಡ್ ಸ್ಟೀಲ್ ಕಂಪನಿಯಲ್ಲಿ ಕೆ.ಡಿ. ಟೋಚರ್ ಉಕ್ಕಿನ ಕಾರ್ಖಾನೆಗಳಿಗಾಗಿ ಸಿಮ್ಯುಲೇಶನ್ ಪ್ರೋಗ್ರಾಂ ಬರೆದರು. ಯಾವ ಯಂತ್ರ ಖಾಲಿ ಇದೆ, ಯಾವುದು ಕೆಲಸದಲ್ಲಿದೆ ಎಂಬುದೇ ಅದರ ಲೆಕ್ಕ. 1961ರಲ್ಲಿ ಐಬಿಎಂನ ಜೆಫ್ರಿ ಗಾರ್ಡನ್ ಅವರ ಜಿಪಿಎಸ್‌ಎಸ್ ಎಂಬ ಸಿಮ್ಯುಲೇಶನ್ ಭಾಷೆ ಬಂತು. ಆಗೆಲ್ಲ ಮಾದರಿ ಎಂದರೆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಸಾಧನ. ಉತ್ತರ ಸಿಕ್ಕರೆ ಅದರ ಕೆಲಸ ಮುಗಿಯಿತು.

ಇದರಿಂದ ಏನಾಗಬಹುದು ಎಂಬುದು 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಕಂಡಿತು. ಒತ್ತಡ ಇಳಿಸುವ ವಾಲ್ವ್ ತೆರೆದುಕೊಂಡಿತು, ಮತ್ತೆ ಮುಚ್ಚಲೇ ಇಲ್ಲ. ಪ್ಯಾನೆಲ್‌ನ ದೀಪ ಮಾತ್ರ ಆರಿತ್ತು. ಮುಚ್ಚಲು ಸಿಗ್ನಲ್ ಹೋಗಿದೆ ಎಂದಷ್ಟೇ ಅದರ ಅರ್ಥ. ವಾಲ್ವ್ ನಿಜಕ್ಕೂ ಮುಚ್ಚಿದೆಯೇ ಎಂದು ಅದು ಹೇಳುತ್ತಿರಲಿಲ್ಲ. ನೀರು ಹೊರಗೆ ಹೋಗುತ್ತಿದ್ದರೂ ರಿಯಾಕ್ಟರಿನ ಒತ್ತಡ ಕಾಯುವ ಟ್ಯಾಂಕಾದ ಪ್ರೆಶರೈಸರ್‌ನಲ್ಲಿ ನೀರಿನ ಮಟ್ಟ ಏರುತ್ತಿತ್ತು. ನೀರು ಜಾಸ್ತಿಯಾಗಿದೆ ಎಂದುಕೊಂಡ ಆಪರೇಟರ್‌ಗಳು ರಿಯಾಕ್ಟರನ್ನು ತಂಪಾಗಿಡಲು ಬರುತ್ತಿದ್ದ ತುರ್ತು ನೀರನ್ನು ತಗ್ಗಿಸಿದರು. ರಿಯಾಕ್ಟರ್‌ನ ಇಂಧನ ಭಾಗ ಸುಮಾರು ಅರ್ಧದಷ್ಟು ಕರಗಿತು.

ಅವರು ತರಬೇತಿ ಪಡೆದ ಸಿಮ್ಯುಲೇಟರ್‌ನಲ್ಲಿ ಈ ಪರಿಸ್ಥಿತಿಯನ್ನು ಅಳವಡಿಸಿಯೇ ಇರಲಿಲ್ಲ ಎಂದು ತನಿಖಾ ಆಯೋಗ ಹೇಳಿತು. ನನಗೆ ಹೆಚ್ಚು ನೋವಾಗುವುದು ಇನ್ನೊಂದು ಸಂಗತಿಯಿಂದ. ಇಂಥದ್ದೇ ಘಟನೆ 1977ರಲ್ಲೇ ಒಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆಗಿತ್ತು. ರಿಯಾಕ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಅಪಾಯವನ್ನು ಗುರುತಿಸಿಯೂ ಇದ್ದರು. ಆ ತಿಳಿವಳಿಕೆ ಕಂಟ್ರೋಲ್ ರೂಮಿನ ತನಕ ಬರಲಿಲ್ಲ, ಅಷ್ಟೇ. ಆಮೇಲೆ ಆಯಾ ಸ್ಥಾವರಕ್ಕೆ ಹೊಂದುವ ಸಿಮ್ಯುಲೇಟರ್‌ಗಳು ಬಂದವು.

ಮಾದರಿಗಳನ್ನು ಕೈಯಿಂದ ಕೈಗೆ ದಾಟಿಸುವ ದಾರಿ ನಿಧಾನವಾಗಿ ತೆರೆಯಿತು. 1997ರಲ್ಲಿ ಇಂಥ ಮಾದರಿಗಳನ್ನು ಬರೆಯುವ ಮೊಡೆಲಿಕಾ ಭಾಷೆ ಬಂತು. 2010ರಲ್ಲಿ ಎಫ್‌ಎಂಐ ಎಂಬ ಮಾನದಂಡ ಬಂದು, ಒಂದು ಸಾಫ್ಟ್‌ವೇರಿನ ಮಾದರಿಯನ್ನು ಇನ್ನೊಂದರಲ್ಲಿ ಓಡಿಸುವುದು ಸುಲಭವಾಯಿತು. ಈಗ ಯಂತ್ರ ಬರುವ ಮೊದಲೇ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿಯನ್ನೇ ಮಾದರಿಗೆ ಜೋಡಿಸಿ, ವಾಲ್ವ್ ಸಿಕ್ಕಿಕೊಂಡರೆ ಪ್ರೋಗ್ರಾಂ ಏನು ಮಾಡುತ್ತದೆ ಎಂದು ನೋಡಬಹುದು. ಅದೇ ಮಾದರಿಯಲ್ಲಿ ಆಪರೇಟರ್‌ಗಳೂ ಕಲಿಯಬಹುದು.

ಉಳಿದಿರುವುದು ಜವಾಬ್ದಾರಿಯ ಪ್ರಶ್ನೆ. ಮೆಂಟೆನೆನ್ಸ್‌ನವರು ಪಂಪು ಬದಲಿಸಿದ ದಿನ ಮಾದರಿಯಲ್ಲೂ ಪಂಪು ಬದಲಾಗಬೇಕು, ಅಲ್ವಾ? ಆ ಕೆಲಸಕ್ಕೆ ಒಬ್ಬರ ಹೆಸರು, ಸಮಯ, ಬಜೆಟ್ ಇಡದಿದ್ದರೆ ಮಾದರಿ ಒಂದು ಸ್ಥಾವರವನ್ನು ತೋರಿಸುತ್ತದೆ, ಆಪರೇಟರ್ ಇನ್ನೊಂದನ್ನು ಓಡಿಸುತ್ತಿರುತ್ತಾರೆ.